ನೆಫ್ರೈಟಿಸ್ ಚಿಕಿತ್ಸೆ: ಸ್ಟೀರಾಯ್ಡ್, ಸೈಕ್ಲೋಫಾಸ್ಫಮೈಡ್, ಮೈಕೋಫೆನೊಲೇಟ್, ಟ್ಯಾಕ್ರೊಲಿಮಸ್, ರಿಟುಕ್ಸಿಮ್ಯಾಬ್‌ಗಳಲ್ಲಿ ಯಾರಿಗೆ ಯಾವುದು?

ನೆಫ್ರೈಟಿಸ್ ಎಂದರೆ ಕಿಡ್ನಿಯ ಉರಿಯೂತ, ಮೇಲೆ ಹೇಳಿದ ಔಷಧಗಳೆಲ್ಲ ರೋಗ ನಿರೋಧಕ ಶಕ್ತಿಯನ್ನು ತಗ್ಗಿಸಿ ಅದನ್ನು ತಣಿಸುವಂಥವು. ಕಿಡ್ನಿಯ ಸಣ್ಣ ತುಣುಕು ತೆಗೆದು ನೋಡುವ ಬಯಾಪ್ಸಿಯ ವರದಿ ಬಂದ ದಿನ ವೈದ್ಯರು ಎರಡು ದಾರಿ ಮುಂದಿಟ್ಟು "ಯೋಚಿಸಿ ಹೇಳಿ" ಎನ್ನುವುದುಂಟು. ಮನೆಯವರ ಮೊದಲ ಪ್ರಶ್ನೆ "ಇವೆರಡರಲ್ಲಿ ಪವರ್ ಜಾಸ್ತಿ ಇರೋದು ಯಾವುದು?" ಎಂದೇ ಇರುತ್ತದೆ. ಆ ಪ್ರಶ್ನೆಗೆ ಉತ್ತರ ಸಿಕ್ಕರೂ ಪ್ರಯೋಜನವಿಲ್ಲ. ಒಬ್ಬರ ಕಿಡ್ನಿ ಉಳಿಸಿದ ಔಷಧವೇ ಇನ್ನೊಬ್ಬರಿಗೆ ವ್ಯರ್ಥ, ಮತ್ತೊಬ್ಬರಿಗೆ ಅಪಾಯ. ಆಯ್ಕೆ ಮೂರು ವಿಷಯಗಳ ಮೇಲೆ ನಿಂತಿದೆ: ಉರಿಯೂತ ಯಾವ ಬಗೆಯದು, ಕಿಡ್ನಿಯ ಕೆಲಸ ಎಷ್ಟು ವೇಗವಾಗಿ ಕುಸಿಯುತ್ತಿದೆ, ಔಷಧ ತೆಗೆದುಕೊಳ್ಳುವವರ ವಯಸ್ಸು, ಸಂಸಾರ, ಊರು, ಹಳೆಯ ಕಾಯಿಲೆಗಳು ಏನು. ಈ ಬರಹ ಆ ಕ್ರಮದಲ್ಲೇ ಸಾಗುತ್ತದೆ. ಇಲ್ಲಿರುವ ಡೋಸ್‌ಗಳು ವೈದ್ಯರ ಜೊತೆ ಮಾತಾಡುವಾಗ ಅರ್ಥವಾಗಲಿ ಎಂದು ಕೊಟ್ಟವು, ಸ್ವಂತಕ್ಕೆ ಅಂಗಡಿಯಿಂದ ತಂದು ನುಂಗಲು ಅಲ್ಲ.

ಈ ಔಷಧಗಳೇ ಬೇಡದ ಉರಿಯೂತಗಳು

ಮೊದಲು ಇವನ್ನು ಪಕ್ಕಕ್ಕಿಡಬೇಕು. ಬೇಡದ ಕಡೆ ಸ್ಟೀರಾಯ್ಡ್ ಕೊಟ್ಟು ಆಗುವ ಹಾನಿ ಚಿಕ್ಕದಲ್ಲ.

ಮಗುವಿಗೆ ಗಂಟಲು ನೋವು ಬಂದು ಹೋದ 1–2 ವಾರಕ್ಕೆ, ಅಥವಾ ಕಾಲಿನ ಕಜ್ಜಿ-ಹುಣ್ಣು ಕೀವಾಗಿ 3–6 ವಾರಕ್ಕೆ ಬೆಳಗ್ಗೆ ಮುಖ ಊದಿ, ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ, ಅದು ಹೆಚ್ಚಾಗಿ ಸ್ಟ್ರೆಪ್ಟೊಕಾಕಸ್ ಸೋಂಕಿನ ನಂತರದ ನೆಫ್ರೈಟಿಸ್. ರಕ್ತದಲ್ಲಿ ಸಿ3 ಎಂಬ ಅಂಶ ಇಳಿದಿರುತ್ತದೆ. ಇಲ್ಲಿ ಬೇಕಾದದ್ದು ಉಪ್ಪು ಕಡಿತ, ನೀರು ಇಳಿಸುವ ಫ್ಯೂರೋಸೆಮೈಡ್, ಬಿಪಿ ಹತೋಟಿ, ಸೋಂಕು ಉಳಿದಿದ್ದರೆ ಆಂಟಿಬಯಾಟಿಕ್. ಮಕ್ಕಳಲ್ಲಿ ಬಹುಪಾಲು ತಾನಾಗಿ ವಾಸಿಯಾಗುತ್ತದೆ, ಸಿ3 ಕೂಡ 6–8 ವಾರದಲ್ಲಿ ಮೊದಲಿನ ಮಟ್ಟಕ್ಕೆ ಬರುತ್ತದೆ. 12 ವಾರ ಕಳೆದರೂ ಬರದಿದ್ದರೆ ಅಥವಾ ಕಿಡ್ನಿ ಸೋತಾಗ ರಕ್ತದಲ್ಲಿ ಉಳಿಯುವ ಕಲ್ಮಶವಾದ ಕ್ರಿಯಾಟಿನಿನ್ ಏರುತ್ತಲೇ ಹೋದರೆ ಕಾಯಿಲೆ ಬೇರೆ ಎಂದರ್ಥ, ಆಗ ಬಯಾಪ್ಸಿ ಬೇಕು.

ಚಳಿಜ್ವರ, ಪಕ್ಕೆ ನೋವು, ಉರಿಮೂತ್ರ ಜೊತೆಗಿದ್ದರೆ ಅದು ಬ್ಯಾಕ್ಟೀರಿಯಾದಿಂದ ಬಂದ ಪೈಲೊನೆಫ್ರೈಟಿಸ್. ಮೊದಲು ಮೂತ್ರದ ಕಲ್ಚರ್‌ಗೆ ಕೊಟ್ಟು, ಆಮೇಲೆ ಆಂಟಿಬಯಾಟಿಕ್ ಶುರು ಮಾಡಬೇಕು. ಕ್ರಮ ಉಲ್ಟಾ ಆದರೆ ಕಲ್ಚರ್‌ನಲ್ಲಿ ಏನೂ ಬೆಳೆಯದೆ ಹೋಗಬಹುದು.

ಮೂರನೆಯದು ಔಷಧದಿಂದಲೇ ಬರುವ ಇಂಟರ್‌ಸ್ಟೀಷಿಯಲ್ ನೆಫ್ರೈಟಿಸ್. ಡೈಕ್ಲೊಫೆನಾಕ್, ಐಬುಪ್ರೊಫೆನ್‌ನಂಥ ನೋವಿನ ಮಾತ್ರೆ, ಗ್ಯಾಸ್ಟ್ರಿಕ್‌ಗೆಂದು ವರ್ಷಗಟ್ಟಲೆ ನುಂಗುವ ಪ್ಯಾಂಟೊಪ್ರಜೋಲ್-ಒಮೆಪ್ರಜೋಲ್, ಕೆಲವು ಆಂಟಿಬಯಾಟಿಕ್, ಟಿಬಿಯ ರಿಫಾಂಪಿಸಿನ್ ಇವೆಲ್ಲ ಕಾರಣವಾಗಬಲ್ಲವು. ಕಾರಣವಾದ ಔಷಧವನ್ನು ನಿಲ್ಲಿಸುವುದೇ ಮುಖ್ಯ ಚಿಕಿತ್ಸೆ. ಸ್ಟೀರಾಯ್ಡ್ ಕೊಡುವುದಿದ್ದರೆ ಬೇಗ ಕೊಡಬೇಕು, ತಿಂಗಳುಗಟ್ಟಲೆ ಕಳೆದು ಗಾಯದ ಕಲೆ ಕಟ್ಟಿದ ಮೇಲೆ ಅದರಿಂದ ಲಾಭವಿಲ್ಲ.

ನಾಲ್ಕನೆಯದಕ್ಕೆ ತುಸು ಹೆಚ್ಚು ಗಮನ ಕೊಡಿ. ಕೇರಳದ ಮಲಪ್ಪುರಂನಲ್ಲಿ 2023ರಲ್ಲಿ ಮುಖ ಬೆಳ್ಳಗಾಗಿಸುವ ಕ್ರೀಮ್ ಹಚ್ಚುತ್ತಿದ್ದವರಲ್ಲಿ ರಕ್ತ ಸೋಸುವ ಪೊರೆ ದಪ್ಪವಾಗಿ ಪ್ರೋಟೀನ್ ಸೋರುವ ಮೆಂಬ್ರೇನಸ್ ನೆಫ್ರೋಪತಿ ಸಾಲುಸಾಲಾಗಿ ಕಾಣಿಸಿತು. ಕ್ರೀಮ್‌ಗಳಲ್ಲಿ ಪಾದರಸ ಇತ್ತು, ಬಯಾಪ್ಸಿಯಲ್ಲಿ ನೆಲ್-1 ಎಂಬ ಗುರುತು ಸಿಕ್ಕಿತು. ಅದಕ್ಕೂ ಮೊದಲು ವೆಲ್ಲೂರಿನ ಸಿಎಂಸಿ ವೈದ್ಯರು ಇದೇ ಗುರುತನ್ನು ನಾಟಿ ಔಷಧ ತೆಗೆದುಕೊಂಡವರಲ್ಲಿ ಕಂಡಿದ್ದರು. ಇಂಥವರಲ್ಲಿ ಹಲವರಿಗೆ ಕ್ರೀಮ್ ಅಥವಾ ಭಸ್ಮ ಬಿಟ್ಟು, ಬಿಪಿಯ ಮಾತ್ರೆಯಷ್ಟೇ ಕೊಟ್ಟರೂ ಪ್ರೋಟೀನ್ ಸೋರಿಕೆ ನಿಂತಿದೆ. ಆದ್ದರಿಂದ ಬಿಲ್ಲಿಲ್ಲದೆ ಕೊಂಡ ಫೇರ್‌ನೆಸ್ ಕ್ರೀಮ್, ಹೆಸರಿಲ್ಲದ ಪುಡಿ, ಮೂಲವ್ಯಾಧಿ-ಸಕ್ಕರೆ ಕಾಯಿಲೆಗೆಂದು ತಂದ ಗುಳಿಗೆ ಎಲ್ಲವನ್ನೂ ಚೀಲಕ್ಕೆ ಹಾಕಿಕೊಂಡು ವೈದ್ಯರ ಮೇಜಿನ ಮೇಲಿಡಿ. ಹಾವು ಕಡಿತಕ್ಕೆಂದು ಹಳ್ಳಿಗಳಲ್ಲಿ ಕೊಡುವ ಈಶ್ವರಿ ಬೇರಿನಲ್ಲಿ ಅರಿಸ್ಟೊಲೊಕಿಕ್ ಆಮ್ಲವಿದೆ. ಅದು ಕಿಡ್ನಿಯನ್ನು ಕೆಡಿಸುತ್ತದೆ, ಮೂತ್ರನಾಳದ ಕ್ಯಾನ್ಸರಿಗೂ ಕಾರಣವಾಗುತ್ತದೆ. ಸಂಕೋಚಪಟ್ಟು ಇದನ್ನು ಮುಚ್ಚಿಟ್ಟರೆ 6 ತಿಂಗಳ ಅನಗತ್ಯ ಸೈಕ್ಲೋಫಾಸ್ಫಮೈಡ್ ಕೀಮೋ ಮೈಮೇಲೆ ಬರಬಹುದು.

ಬಯಾಪ್ಸಿ ಇಲ್ಲದೆ ಆಯ್ಕೆ ಇಲ್ಲ

ದೊಡ್ಡವರಲ್ಲಿ ದಿನಕ್ಕೆ 3.5 ಗ್ರಾಂಗಿಂತ ಹೆಚ್ಚು ಪ್ರೋಟೀನ್ ಸೋರಿ, ರಕ್ತದ ಪ್ರೋಟೀನ್ ಆದ ಆಲ್ಬುಮಿನ್ ಇಳಿದು, ಮೈ ಊದಿಕೊಳ್ಳುವ ನೆಫ್ರೋಟಿಕ್ ಚಿತ್ರ ಒಂದು ಬಗೆ. ಮೂತ್ರದಲ್ಲಿ ರಕ್ತ, ಏರಿದ ಬಿಪಿ, ಏರುತ್ತಿರುವ ಕ್ರಿಯಾಟಿನಿನ್ ಇರುವ ನೆಫ್ರಿಟಿಕ್ ಚಿತ್ರ ಇನ್ನೊಂದು. ಆದರೆ ಹೊರಗಿನಿಂದ ಒಂದೇ ಥರ ಕಾಣುವ ನಾಲ್ವರಿಗೆ ಒಳಗೆ ನಾಲ್ಕು ಕಾಯಿಲೆ ಇರಬಹುದು. ವಿನಾಯಿತಿ ಎರಡು: ಮೊದಲ ಬಾರಿ ಊತ ಬಂದ ಚಿಕ್ಕ ಮಕ್ಕಳಿಗೆ ಬಯಾಪ್ಸಿ ಸಾಮಾನ್ಯವಾಗಿ ಬೇಡ. ಪಿಎಲ್‌ಎ2ಆರ್ ಆಂಟಿಬಾಡಿ ಪಾಸಿಟಿವ್ ಇದ್ದು ಕ್ರಿಯಾಟಿನಿನ್ ಸರಿಯಿರುವ ದೊಡ್ಡವರಲ್ಲಿ ಬಯಾಪ್ಸಿ ಬಿಡಬಹುದು, ರಕ್ತ ಪರೀಕ್ಷೆಯೇ ಮೆಂಬ್ರೇನಸ್ ಎಂದು ಹೇಳುತ್ತದೆ.

ಬಯಾಪ್ಸಿಗೆ ಮುಂಚೆ ಆಸ್ಪಿರಿನ್, ಕ್ಲೊಪಿಡೊಗ್ರೆಲ್ ಸುಮಾರು ಒಂದು ವಾರ ಮೊದಲು ನಿಲ್ಲಿಸಬೇಕು, ಅದೂ ಹೃದಯದ ವೈದ್ಯರನ್ನು ಕೇಳಿ. ಬಿಪಿ 140/90ರೊಳಗೆ ಇರಬೇಕು. ಬೆನ್ನಿನ ಕಡೆಯಿಂದ ಸ್ಕ್ಯಾನ್ ನೋಡುತ್ತ ಸೂಜಿ ಹಾಕಿ ದಾರದಷ್ಟು ತೆಳುವಾದ ಎರಡು ತುಣುಕು ತೆಗೆಯುತ್ತಾರೆ. ಆಮೇಲೆ ಗಂಟೆಗಟ್ಟಲೆ ಅಂಗಾತ ಮಲಗಿರಬೇಕು. ಮೂತ್ರ ಕೆಂಪಾದರೆ ಅಥವಾ ಪಕ್ಕೆ ನೋವು ಏರಿದರೆ ನರ್ಸ್‌ಗೆ ಕೂಡಲೇ ಹೇಳಬೇಕು.

ವರದಿಯಲ್ಲಿ ಕಾಯಿಲೆಯ ಹೆಸರಿನ ಜೊತೆ ಎರಡು ಸಾಲು ಹುಡುಕಿ. ಒಂದು, ಎಷ್ಟು ಗ್ಲೊಮೆರುಲಸ್ ಸಿಕ್ಕಿವೆ ಎಂಬುದು. ರಕ್ತ ಸೋಸುವ ಈ ಸೂಕ್ಷ್ಮ ಗುಚ್ಛಗಳು ಹತ್ತಕ್ಕಿಂತ ಕಡಿಮೆ ಸಿಕ್ಕಿದ್ದರೆ ವರದಿಯ ಮೇಲಿನ ಭರವಸೆಯೂ ಕಡಿಮೆ. ಎರಡು, ನಾರುಗಟ್ಟಿರುವ ಭಾಗ ಶೇಕಡಾ ಎಷ್ಟು ಎಂಬುದು. ಉರಿಯೂತವನ್ನು ಔಷಧ ತಣಿಸುತ್ತದೆ. ನಾರುಗಟ್ಟಿದ ಭಾಗವನ್ನು ಯಾವ ಔಷಧವೂ ಹಿಂದಕ್ಕೆ ತರುವುದಿಲ್ಲ. ಬಹುಪಾಲು ನಾರೇ ಆಗಿರುವ ಕಿಡ್ನಿಗೆ ಜೋರಿನ ಔಷಧ ಕೊಟ್ಟರೆ ಸೋಂಕಷ್ಟೇ ಲಾಭ.

ಯಾವ ದಾರಿ ಹಿಡಿದರೂ ಇರಬೇಕಾದ ತಳಪಾಯ

ಟೆಲ್ಮಿಸಾರ್ಟಾನ್, ಲೊಸಾರ್ಟಾನ್, ರಾಮಿಪ್ರಿಲ್‌ನಂಥ ಮಾತ್ರೆಗಳಲ್ಲಿ ಒಂದು ಬಿಪಿಯ ಜೊತೆಗೆ ಪ್ರೋಟೀನ್ ಸೋರಿಕೆಯನ್ನೂ ಇಳಿಸುತ್ತದೆ. ಶುರು ಮಾಡಿದ 1–2 ವಾರಕ್ಕೆ ಕ್ರಿಯಾಟಿನಿನ್, ಪೊಟ್ಯಾಸಿಯಂ ನೋಡಲೇಬೇಕು. ಕ್ರಿಯಾಟಿನಿನ್ 30 ಶೇಕಡಾದವರೆಗೆ ಏರಿದರೆ ಸಹಿಸಬಹುದು. ವಾಂತಿ-ಭೇದಿ ಹಿಡಿದ ದಿನಗಳಲ್ಲಿ ಈ ಮಾತ್ರೆ ತಾತ್ಕಾಲಿಕವಾಗಿ ನಿಲ್ಲಿಸಬೇಕೇ ಎಂದು ವೈದ್ಯರಿಗೆ ಫೋನ್ ಮಾಡಿ ಕೇಳಿ. ಗರ್ಭಿಣಿಗೆ ಇದು ಸಲ್ಲದು.

ಉಪ್ಪು ದಿನಕ್ಕೆ 5 ಗ್ರಾಂ, ಅಂದರೆ ತಲೆ ಸವರಿದ ಒಂದು ಟೀ ಚಮಚ, ಅಡುಗೆಯದೂ ಸೇರಿ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಒಣಮೀನು ತಟ್ಟೆಯಲ್ಲಿದ್ದರೆ ಈ ಲೆಕ್ಕ ಬೆಳಗಿನ ತಿಂಡಿಗೇ ಮುಗಿಯುತ್ತದೆ, ಟೆಲ್ಮಿಸಾರ್ಟಾನ್ ಕೆಲಸ ಅರ್ಧಕ್ಕೆ ನಿಲ್ಲುತ್ತದೆ. "ಲೋ ಸೋಡಿಯಂ" ಉಪ್ಪು ಪೊಟ್ಯಾಸಿಯಂ ಬೆರೆಸಿದ್ದು, ಈ ಮಾತ್ರೆಗಳ ಜೊತೆ ಅಪಾಯ.

ಸ್ಟೀರಾಯ್ಡ್: ಎಲ್ಲ ದಾರಿಯಲ್ಲೂ ಎದುರಾಗುವ ಔಷಧ

ಪ್ರೆಡ್ನಿಸೊಲೋನ್ ಬೇಗ ಕೆಲಸ ಮಾಡುತ್ತದೆ, ಅಗ್ಗ, ಎಲ್ಲ ಕಡೆ ಸಿಗುತ್ತದೆ. ದೊಡ್ಡವರಿಗೆ ಸಾಮಾನ್ಯ ಆರಂಭ ಕೆಜಿಗೆ 1 ಮಿಗ್ರಾಂವರೆಗೆ, ಬೆಳಗ್ಗೆ ತಿಂಡಿಯ ನಂತರ ಒಂದೇ ಸಲ. ಸಂಜೆ ನುಂಗಿದರೆ ನಿದ್ದೆ ಕೆಡುತ್ತದೆ. ತೀವ್ರವಾಗಿದ್ದರೆ ಮೊದಲ 3 ದಿನ ಮೀಥೈಲ್‌ಪ್ರೆಡ್ನಿಸೊಲೋನ್ ಡ್ರಿಪ್.

ಬೆಲೆ ತೆರಬೇಕಾದದ್ದು ದಿನಗಳು ಕಳೆದಂತೆ. ರಕ್ತದ ಸಕ್ಕರೆ ಏರುತ್ತದೆ, ಅದೂ ಮಧ್ಯಾಹ್ನದ ಊಟದ ನಂತರ. ಹಾಗಾಗಿ ಬೆಳಗಿನ ಖಾಲಿ ಹೊಟ್ಟೆಯ ಶುಗರ್ ನೋಡಿ ಸಮಾಧಾನಪಟ್ಟರೆ ಮೋಸಹೋಗುತ್ತೀರಿ. ಮುಖ ದುಂಡಾಗುವುದು ಮತ್ತು ಮೊಡವೆ ಡೋಸ್ ಇಳಿದಾಗ ಹೋಗುತ್ತವೆ. ಮೂಳೆ ಸವೆತ, ಕಣ್ಣಿನ ಪೊರೆ, ಸೊಂಟದ ಕೀಲಿಗೆ ರಕ್ತದ ಹರಿವು ನಿಂತು ಆಗುವ ಹಾನಿ ತಾನಾಗಿ ಹೋಗುವುದಿಲ್ಲ. ತೊಡೆಸಂದಿನಲ್ಲಿ ಹೊಸ ನೋವು ಬಂದು ಕುಂಟುವಂತಾದರೆ ಎಂಆರ್‌ಐ ಕೇಳಿ, ನೋವಿನ ಮಾತ್ರೆ ನುಂಗಿ ಮುಂದೂಡಬೇಡಿ.

ಸ್ಟೀರಾಯ್ಡ್ ವಿಷಯದಲ್ಲಿ ನಾವು ಕಾಣುವ ಅತಿ ಕೆಟ್ಟ ಘಟನೆ ಹೀಗೆ: ಮುಖ ಊದಿತೆಂದು ನೆರೆಯವರ ಮಾತು ಕೇಳಿ ಒಂದೇ ದಿನ ಮಾತ್ರೆ ಬಿಡುವುದು. ಕೆಲವು ವಾರ ಹೊರಗಿನಿಂದ ಸ್ಟೀರಾಯ್ಡ್ ಬಂದ ಮೇಲೆ ಅಡ್ರಿನಲ್ ಗ್ರಂಥಿ ತನ್ನ ಉತ್ಪಾದನೆ ನಿಲ್ಲಿಸಿರುತ್ತದೆ. ತಟ್ಟನೆ ಬಿಟ್ಟರೆ ಬಿಪಿ ಕುಸಿದು ಜೀವಕ್ಕೇ ಬರಬಹುದು. ಇಳಿಸುವ ವೇಳಾಪಟ್ಟಿಯನ್ನು ಕ್ಯಾಲೆಂಡರ್ ಮೇಲೆ ಬರೆದು ಗೋಡೆಗೆ ತೂಗುಹಾಕಿ. ಯಾವ ತಾರೀಕಿನಿಂದ ಎಷ್ಟು ಮಿಗ್ರಾಂ, 5ರ ಮಾತ್ರೆ ಎಷ್ಟು, 10ರದು ಎಷ್ಟು ಎಂಬುದೂ ಅದರಲ್ಲಿರಲಿ.

ಇನ್ನುಳಿದ ಔಷಧಗಳ ಮುಖ್ಯ ಉದ್ದೇಶಗಳಲ್ಲೊಂದು ಈ ಸ್ಟೀರಾಯ್ಡ್ ಅವಧಿಯನ್ನು ಚಿಕ್ಕದು ಮಾಡುವುದು. "ಎರಡನೇ ಔಷಧ ಬೇಡ, ಸ್ಟೀರಾಯ್ಡ್ ಒಂದೇ ಸಾಕು" ಎನ್ನುವವರು ಇದನ್ನು ನೆನಪಿಡಬೇಕು.

ಲೂಪಸ್ ನೆಫ್ರೈಟಿಸ್: ಸೈಕ್ಲೋಫಾಸ್ಫಮೈಡ್ ಅಥವಾ ಮೈಕೋಫೆನೊಲೇಟ್

ಲೂಪಸ್ ಎಂದರೆ ರೋಗ ನಿರೋಧಕ ಶಕ್ತಿ ತನ್ನ ಮೈಯ ಮೇಲೇ ತಿರುಗಿಬೀಳುವ ಕಾಯಿಲೆ, ಅದು ಕಿಡ್ನಿಗೆ ಬಂದರೆ ಲೂಪಸ್ ನೆಫ್ರೈಟಿಸ್. ನಿಜವಾದ ಆಯ್ಕೆ ಇರುವುದು ಇಲ್ಲಿ. ಆಯ್ಕೆ ಮಾಡಬೇಕಾದವರು ಹೆಚ್ಚಾಗಿ 20–35ರ ಹೆಣ್ಣುಮಕ್ಕಳು, ಆದ್ದರಿಂದ ಇದನ್ನು ಅವಸರದಲ್ಲಿ ಮುಗಿಸಬಾರದು.

ಬಯಾಪ್ಸಿಯಲ್ಲಿ 3 ಅಥವಾ 4ನೇ ಕ್ಲಾಸ್, ಅಂದರೆ ತೀವ್ರ ಬಗೆ, ಬಂದರೆ ಸ್ಟೀರಾಯ್ಡ್ ಮತ್ತು ಹೈಡ್ರಾಕ್ಸಿಕ್ಲೋರೊಕ್ವಿನ್ ಜೊತೆಗೆ ಇವೆರಡರಲ್ಲಿ ಒಂದು ಬೇಕು. ಹೈಡ್ರಾಕ್ಸಿಕ್ಲೋರೊಕ್ವಿನ್ ಕೆಜಿಗೆ 5 ಮಿಗ್ರಾಂ ಮೀರಬಾರದು, ವರ್ಷಕ್ಕೊಮ್ಮೆ ಕಣ್ಣಿನ ಪರೀಕ್ಷೆ ಮಾಡಿಸಬೇಕು.

ಸೈಕ್ಲೋಫಾಸ್ಫಮೈಡ್ ಕೊಡುವ ಕ್ರಮ ಎರಡು. ಹಳೆಯದು ತಿಂಗಳಿಗೊಂದು ಡ್ರಿಪ್, 6 ತಿಂಗಳು, ಮೈಯ ಚದರ ಮೀಟರಿಗೆ 0.5–1 ಗ್ರಾಂ. ಸಾಧಾರಣ ಮೈಕಟ್ಟಿನವರಿಗೆ ಒಟ್ಟು 7 ಗ್ರಾಂ ಆಸುಪಾಸು ಸೇರುತ್ತದೆ. ಇನ್ನೊಂದು ಯೂರೋ-ಲೂಪಸ್ ಕ್ರಮ: ಎರಡು ವಾರಕ್ಕೊಮ್ಮೆ 500 ಮಿಗ್ರಾಂನಂತೆ 6 ಸಲ, ಒಟ್ಟು 3 ಗ್ರಾಂ, ಮೂರು ತಿಂಗಳೊಳಗೆ ಮುಗಿಯುತ್ತದೆ. ಮೈಕೋಫೆನೊಲೇಟ್ ಮನೆಯಲ್ಲೇ ನುಂಗುವ ಮಾತ್ರೆ. 500 ಮಿಗ್ರಾಂ ಎರಡು ಹೊತ್ತಿನಿಂದ ಶುರುವಾಗಿ 1–2 ವಾರದಲ್ಲಿ ದಿನಕ್ಕೆ 2 ಗ್ರಾಂ ಮುಟ್ಟುತ್ತದೆ, ಕೆಲವರಿಗೆ 3 ಗ್ರಾಂವರೆಗೆ.

ಫಲ? 2009ರಲ್ಲಿ ಪ್ರಕಟವಾದ ದೊಡ್ಡ ಆಲ್ಮ್ಸ್ ಅಧ್ಯಯನದಲ್ಲಿ ಮೈಕೋಫೆನೊಲೇಟ್‌ಗೆ 56 ಶೇಕಡಾ, ತಿಂಗಳ ಡ್ರಿಪ್‌ಗೆ 53 ಶೇಕಡಾ ಜನ ಸ್ಪಂದಿಸಿದರು. ಗೆದ್ದದ್ದು ಯಾವುದೂ ಅಲ್ಲ. ಯೂರೋ-ಲೂಪಸ್ ಕ್ರಮ ಯುರೋಪಿನವರ ಮೇಲೆ ಪರೀಕ್ಷೆಯಾದದ್ದು, ನಮ್ಮವರಿಗೆ ಸಾಲುವುದೇ ಎಂಬ ಅನುಮಾನವಿತ್ತು. ಚಂಡೀಗಢದ ಪಿಜಿಐನಲ್ಲಿ 100 ಮಂದಿಯ ಮೇಲೆ ಈ ಕಡಿಮೆ ಡೋಸನ್ನು ಮೈಕೋಫೆನೊಲೇಟ್ ಜೊತೆ ಹೋಲಿಸಿ ನೋಡಿ 2016ರಲ್ಲಿ ಪ್ರಕಟಿಸಿದಾಗ ಎರಡೂ ಸಮವೆಂದು ಕಂಡಿತು, ಹೊಟ್ಟೆಯ ತೊಂದರೆ ಮಾತ್ರ ಮೈಕೋಫೆನೊಲೇಟ್‌ನಲ್ಲಿ ಬಹಳ ಹೆಚ್ಚು. ಪುದುಚೇರಿಯ ಜಿಪ್ಮರ್‌ನಲ್ಲಿ ಕಡಿಮೆ ಮತ್ತು ಹೆಚ್ಚು ಡೋಸ್‌ಗಳನ್ನೇ ಪರಸ್ಪರ ಹೋಲಿಸಿದಾಗ ಹೆಚ್ಚಿನ ಡೋಸ್ ಕಡೆಗೆ ಫಲ ವಾಲಿತು. ಆದ್ದರಿಂದ ಕ್ರಿಯಾಟಿನಿನ್ ವೇಗವಾಗಿ ಏರುತ್ತಿದ್ದರೆ ಅಥವಾ ಬಯಾಪ್ಸಿಯಲ್ಲಿ ತೀವ್ರ ಹಾನಿಯ ಗುರುತಾದ ಕ್ರೆಸೆಂಟ್‌ಗಳು ತುಂಬಿದ್ದರೆ ಹಲವು ವೈದ್ಯರು ಕಡಿಮೆ ಡೋಸ್‌ಗೆ ಹಿಂಜರಿಯುತ್ತಾರೆ, ಅದು ಸರಿಯೂ ಹೌದು.

ಫಲ ಸಮವಿರುವಾಗ ತೀರ್ಮಾನ ಮಾಡಬೇಕಾದದ್ದು ಬದುಕು.

ಮಕ್ಕಳಾಗುವ ಆಸೆ ಇದ್ದರೆ: ಸೈಕ್ಲೋಫಾಸ್ಫಮೈಡ್ ಅಂಡಾಶಯವನ್ನು ಸುಡುತ್ತದೆ. ಒಟ್ಟು ಡೋಸ್ ಮತ್ತು ವಯಸ್ಸು ಏರಿದಂತೆ ಹಾನಿ ಹೆಚ್ಚು, 30 ದಾಟಿದವರಲ್ಲಿ ಮುಟ್ಟು ನಿಂತೇಹೋಗಬಹುದು. 3 ಗ್ರಾಂನ ಕ್ರಮದಲ್ಲಿ ಈ ಅಪಾಯ ತೀರಾ ಕಡಿಮೆ. ದೊಡ್ಡ ಡೋಸ್ ಅನಿವಾರ್ಯವಾದರೆ ಅಂಡಾಶಯ ಕಾಯುವ ಲ್ಯೂಪ್ರೊಲೈಡ್ ಚುಚ್ಚುಮದ್ದಿನ ಬಗ್ಗೆ, ಗಂಡಸರಾದರೆ ವೀರ್ಯ ಶೇಖರಿಸಿಡುವ ಬಗ್ಗೆ ಮೊದಲ ಡೋಸ್‌ಗಿಂತ ಮುಂಚೆ ಕೇಳಿ, ಆಮೇಲೆ ಕೇಳಿ ಫಲವಿಲ್ಲ. ಮೈಕೋಫೆನೊಲೇಟ್ ಅಂಡಾಶಯಕ್ಕೆ ಏನೂ ಮಾಡುವುದಿಲ್ಲ. ಆದರೆ ಅದನ್ನು ನುಂಗುತ್ತಿರುವಾಗ ಗರ್ಭ ನಿಂತರೆ ಗರ್ಭಪಾತ ಅಥವಾ ಮಗುವಿನ ಕಿವಿ, ತುಟಿ, ಹೃದಯದಲ್ಲಿ ದೋಷ ಉಂಟಾಗಬಹುದು. ಗರ್ಭಕ್ಕೆ ಕನಿಷ್ಠ 6 ವಾರ ಮೊದಲು ಅದನ್ನು ಬಿಟ್ಟು ಇನ್ನೊಂದು ಔಷಧವಾದ ಅಜಾಥಿಯೋಪ್ರಿನ್‌ಗೆ ಬದಲಾಗಿ, ಕಾಯಿಲೆ ಸುಮಾರು 6 ತಿಂಗಳು ತಣ್ಣಗಿದ್ದ ಮೇಲೆ ಪ್ರಯತ್ನಿಸಬೇಕು. ಹೈಡ್ರಾಕ್ಸಿಕ್ಲೋರೊಕ್ವಿನ್ ಗರ್ಭದಲ್ಲೂ ಮುಂದುವರಿಯಬೇಕು. ಮದುವೆ ಮಾತುಕತೆ ನಡೆಯುತ್ತಿರುವ ಮನೆಯಲ್ಲಿ ಇದನ್ನು ವೈದ್ಯರ ಮುಂದೆ ಬಾಯಿಬಿಟ್ಟು ಹೇಳಲು ಹುಡುಗಿಗೆ ಮುಜುಗರ. ಅವಳನ್ನು ಐದು ನಿಮಿಷ ಒಬ್ಬಳೇ ವೈದ್ಯರ ಜೊತೆ ಮಾತಾಡಲು ಬಿಡಿ.

ಮಾತ್ರೆ ತಪ್ಪಿಸುವ ಸ್ವಭಾವವಿದ್ದರೆ: ಮೈಕೋಫೆನೊಲೇಟ್ ದಿನಕ್ಕೆ ನಾಲ್ಕು ಮಾತ್ರೆ, ವರ್ಷಗಟ್ಟಲೆ. ಭೇದಿಯಾಯಿತೆಂದು, ಕೈ ಖಾಲಿಯೆಂದು ವಾರ ಬಿಟ್ಟರೆ ಕಾಯಿಲೆ ಮರಳುತ್ತದೆ. ಡ್ರಿಪ್‌ನಲ್ಲಿ ಹೋದ ಡೋಸ್ ಹೋದದ್ದೇ, ನರ್ಸ್ ಕಣ್ಣೆದುರು. ಹಾಸ್ಟೆಲ್‌ನಲ್ಲಿರುವ, ಕಾಯಿಲೆಯನ್ನು ಯಾರಿಗೂ ಹೇಳದ ಹುಡುಗಿಗೆ ಆರು ಡ್ರಿಪ್ ವಾಸಿ ಎಂಬುದು ನಮ್ಮ ಅಭಿಪ್ರಾಯ.

ದೂರದ ಊರಾದರೆ ಲೆಕ್ಕ ತಿರುಗುತ್ತದೆ. ಬೀದರ್ ಅಥವಾ ಚಾಮರಾಜನಗರದ ಹಳ್ಳಿಯಿಂದ ಎರಡು ವಾರಕ್ಕೊಮ್ಮೆ ಡೇ-ಕೇರ್‌ಗೆ ಬರುವ ಬಸ್ಸಿನ ಖರ್ಚು, ಜೊತೆಗೆ ಬರುವವರ ಕೂಲಿ ನಷ್ಟ ಎಲ್ಲ ಸೇರಿಸಿ ನೋಡಬೇಕು. ಔಷಧದ ಬೆಲೆಯಲ್ಲಿ ಸೈಕ್ಲೋಫಾಸ್ಫಮೈಡ್ ಬಹಳ ಅಗ್ಗ. 2018ರಿಂದ ಇರುವ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆ ಮುಖ್ಯವಾಗಿ ಆಸ್ಪತ್ರೆಯ ಪ್ಯಾಕೇಜ್‌ಗಳದ್ದು, ತಿಂಗಳು ತಿಂಗಳ ಮಾತ್ರೆಯ ಖರ್ಚು ಸಾಮಾನ್ಯವಾಗಿ ಮನೆಯವರ ತಲೆಗೇ ಬರುತ್ತದೆ. ಮೈಕೋಫೆನೊಲೇಟ್ ಶುರು ಮಾಡುವ ಮುನ್ನ ಅದರ ಜೆನೆರಿಕ್ ಹತ್ತಿರದ ಜನೌಷಧಿ ಕೇಂದ್ರದಲ್ಲಿ ಸಿಗುತ್ತದೆಯೇ, ತರಿಸಿಕೊಡುತ್ತಾರೆಯೇ ಎಂದು ವಿಚಾರಿಸಿ, ಮೂರು ವರ್ಷದ ಲೆಕ್ಕ ಹಾಕಿ. ಏಕೆಂದರೆ ಮೊದಲ 6 ತಿಂಗಳ ಜೋರಿನ ಹಂತ ಮುಗಿದ ಮೇಲೂ ಮೈಕೋಫೆನೊಲೇಟ್ 1–2 ಗ್ರಾಂ ಅಥವಾ ಅಜಾಥಿಯೋಪ್ರಿನ್ ಮುಂದುವರಿದು ಒಟ್ಟು ಚಿಕಿತ್ಸೆ ಕನಿಷ್ಠ 3 ವರ್ಷ ನಡೆಯುತ್ತದೆ.

ತಪ್ಪುಗಳು ಎಲ್ಲಿ ಆಗುತ್ತವೆ? ಸೈಕ್ಲೋಫಾಸ್ಫಮೈಡ್ ಡ್ರಿಪ್ ಆದ 10–14ನೇ ದಿನಕ್ಕೆ ಬಿಳಿ ರಕ್ತಕಣ ಅತಿ ಕೆಳಗಿಳಿಯುತ್ತದೆ. ಆ ದಿನಗಳಲ್ಲಿ 100.4 ಡಿಗ್ರಿ ದಾಟಿದ ಜ್ವರಕ್ಕೆ ಡೋಲೊ ನುಂಗಿ ಮಲಗಬಾರದು, ಅದೇ ದಿನ ರಕ್ತ ಪರೀಕ್ಷೆ ಆಗಬೇಕು. ಔಷಧದ ಅಂಶ ಮೂತ್ರಚೀಲದಲ್ಲಿ ನಿಂತರೆ ಅದು ಸುಟ್ಟು ರಕ್ತ ಬರುತ್ತದೆ. ಆದ್ದರಿಂದ ಡ್ರಿಪ್ ಬೆಳಗ್ಗೆಯೇ ಹಾಕಿಸಿ, ವೈದ್ಯರು ಹೇಳಿದಷ್ಟು ನೀರು ಕುಡಿದು, ಎರಡು-ಮೂರು ಗಂಟೆಗೊಮ್ಮೆ ಮೂತ್ರ ಮಾಡಬೇಕು, ರಾತ್ರಿ ಒಮ್ಮೆ ಎದ್ದಾದರೂ. ದೊಡ್ಡ ಡೋಸ್‌ಗೆ ಮೆಸ್ನಾ ಎಂಬ ರಕ್ಷಕ ಔಷಧವೂ ಸೇರುತ್ತದೆ. ಮೈಕೋಫೆನೊಲೇಟ್‌ನಲ್ಲಿ ಭೇದಿ ಬಂದರೆ ಬಿಡುವ ಮೊದಲು ಅದೇ ಡೋಸನ್ನು ಮೂರು-ನಾಲ್ಕು ಭಾಗ ಮಾಡಿ, ಊಟದ ಜೊತೆ ತೆಗೆದುಕೊಂಡು ನೋಡಬೇಕು. ಆಗದಿದ್ದರೆ ಸೋಡಿಯಂ ರೂಪಕ್ಕೆ ಬದಲಾಯಿಸಬಹುದು, ಅದರ 360 ಮಿಗ್ರಾಂ ಇದರ 500ಕ್ಕೆ ಸಮ. ಅಂಗಡಿಯವರು "ಎರಡೂ ಒಂದೇ" ಎಂದು ಒಂದರ ಬದಲು ಇನ್ನೊಂದು ಕೊಟ್ಟರೆ ಮಿಗ್ರಾಂ ನೋಡದೆ ತರಬೇಡಿ. ಗ್ಯಾಸ್ಟ್ರಿಕ್‌ನ ಅಂಟಾಸಿಡ್ ಸಿರಪ್ ಜೊತೆಗೇ ಕುಡಿದರೆ ಔಷಧ ಮೈಗೆ ಹತ್ತುವುದಿಲ್ಲ. ಅಜಾಥಿಯೋಪ್ರಿನ್‌ನಲ್ಲಿ ಇನ್ನೊಂದು ಬಲೆ ಇದೆ: ಯೂರಿಕ್ ಆಸಿಡ್‌ನ ಅಲೊಪ್ಯೂರಿನಾಲ್ ಜೊತೆ ಸೇರಿದರೆ ಮೂಳೆಮಜ್ಜೆ ಕುಸಿಯುತ್ತದೆ. ಭಾರತೀಯರಲ್ಲಿ ಎನ್‌ಯುಡಿಟಿ15 ಎಂಬ ಜೀನ್ ವ್ಯತ್ಯಾಸ ಇರುವವರಿಗೆ ಮಾಮೂಲಿ ಡೋಸ್ ಕೂಡ ಹೆಚ್ಚಾಗಿ, ಬಿಳಿ ರಕ್ತಕಣ ಕುಸಿದು ಕೂದಲು ಉದುರುತ್ತದೆ. ಆದ್ದರಿಂದ ಮೊದಲ ತಿಂಗಳು ವಾರವಾರ ರಕ್ತಕಣಗಳ ಎಣಿಕೆ ಮಾಡಿಸಬೇಕು.

ಸರಿಹೋಗುತ್ತಿದೆಯೇ ಎಂದು ತಿಳಿಯುವ ಅಳತೆ ಇದು: ಪ್ರೋಟೀನ್ ಸೋರಿಕೆ 3 ತಿಂಗಳಿಗೆ ಕಾಲು ಭಾಗವಾದರೂ, 6 ತಿಂಗಳಿಗೆ ಅರ್ಧವಾದರೂ ಇಳಿದಿರಬೇಕು, ವರ್ಷಕ್ಕೆ ದಿನಕ್ಕೆ 0.5–0.7 ಗ್ರಾಂ ಒಳಗೆ ಬರಬೇಕು. ತಿಂಗಳಿಗೇ "ಕಡಿಮೆ ಆಗಲಿಲ್ಲ" ಎಂದು ಆಸ್ಪತ್ರೆ ಬದಲಿಸುವವರು ಹೊಸ ಕಡೆ ಮೊದಲಿನಿಂದ ಎಣಿಕೆ ಶುರು ಮಾಡಿಸಿಕೊಳ್ಳುತ್ತಾರೆ, ಜೊತೆಗೆ ಇನ್ನೊಂದು ಸುತ್ತು ಸ್ಟೀರಾಯ್ಡ್.

ಮೆಂಬ್ರೇನಸ್ ನೆಫ್ರೋಪತಿ: ಕಾಯುವುದೂ ಒಂದು ಆಯ್ಕೆ

ಇಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗೆ ರೋಗ ನಿರೋಧಕ ಶಕ್ತಿ ತಗ್ಗಿಸುವ ಔಷಧವಿಲ್ಲದೆಯೇ ಕಾಯಿಲೆ ತಣಿಯುತ್ತದೆ. ಕ್ರಿಯಾಟಿನಿನ್ ಸರಿಯಿದ್ದು, ಆಲ್ಬುಮಿನ್ ತೀರಾ ಕುಸಿಯದೆ, ಪಿಎಲ್‌ಎ2ಆರ್ ಮಟ್ಟ ಇಳಿಯುತ್ತಿದ್ದರೆ ಟೆಲ್ಮಿಸಾರ್ಟಾನ್ ಮೇಲೆ 6 ತಿಂಗಳು ಕಾಯುವುದು ಧೈರ್ಯದ, ಸರಿಯಾದ ನಿರ್ಧಾರ. ಕಾಯುವಾಗ ಒಂದು ಎಚ್ಚರ: ಆಲ್ಬುಮಿನ್ 2.5ಕ್ಕಿಂತ ಕೆಳಗಿದ್ದರೆ ರಕ್ತ ಹೆಪ್ಪುಗಟ್ಟುವ ಅಪಾಯ ಈ ಕಾಯಿಲೆಯಲ್ಲಿ ಉಳಿದೆಲ್ಲಕ್ಕಿಂತ ಹೆಚ್ಚು. ಒಂದೇ ಕಾಲು ಊದಿ ನೋಯುವುದು, ತಟ್ಟನೆ ಉಸಿರು ಕಟ್ಟುವುದು ಕಂಡರೆ ತುರ್ತು ವಿಭಾಗಕ್ಕೆ ಹೋಗಿ. ರಕ್ತ ತೆಳುವಾಗಿಸುವ ಔಷಧ ಮುಂಜಾಗ್ರತೆಯಾಗಿ ಬೇಕೇ ಎಂದೂ ಕೇಳಿ.

ಕಾಯಲು ಆಗದಿದ್ದರೆ ಮೂರು ದಾರಿ. ಪೊಂಟಿಚೆಲ್ಲಿ ಕ್ರಮದಲ್ಲಿ 6 ತಿಂಗಳು: 1, 3, 5ನೇ ತಿಂಗಳು ಸ್ಟೀರಾಯ್ಡ್, 2, 4, 6ನೇ ತಿಂಗಳು ಸೈಕ್ಲೋಫಾಸ್ಫಮೈಡ್ ಮಾತ್ರೆ. ಅಗ್ಗ, ಫಲ ಗಟ್ಟಿ, ಅಡ್ಡ ಪರಿಣಾಮವೂ ಅಷ್ಟೇ ಗಟ್ಟಿ. ಟ್ಯಾಕ್ರೊಲಿಮಸ್ ಪ್ರೋಟೀನ್ ಇಳಿಸುತ್ತದೆ, ನಿಲ್ಲಿಸಿದೊಡನೆ ಬಹಳ ಮಂದಿಗೆ ಮತ್ತೆ ಸೋರಿಕೆ ಶುರು. ರಿಟುಕ್ಸಿಮ್ಯಾಬ್ ಎರಡು ವಾರದ ಅಂತರದಲ್ಲಿ 1 ಗ್ರಾಂನ ಎರಡು ಡ್ರಿಪ್, 6 ತಿಂಗಳಿಗೆ ಬೇಕಿದ್ದರೆ ಮತ್ತೆ. 2019ರ ಮೆಂಟರ್ ಅಧ್ಯಯನ ಅದನ್ನು ಟ್ಯಾಕ್ರೊಲಿಮಸ್‌ನ ಜಾತಿಯದೇ ಆದ ಸೈಕ್ಲೊಸ್ಪೊರಿನ್ ಜೊತೆ ಹೋಲಿಸಿತು. ಎರಡು ವರ್ಷದ ಕೊನೆಗೆ ಕಾಯಿಲೆ ತಣ್ಣಗಿದ್ದವರು ರಿಟುಕ್ಸಿಮ್ಯಾಬ್ ಕಡೆ 60 ಶೇಕಡಾ, ಸೈಕ್ಲೊಸ್ಪೊರಿನ್ ಕಡೆ 20 ಶೇಕಡಾ. ಹೈದರಾಬಾದಿನ ಡಾ. ರೆಡ್ಡೀಸ್ 2007ರಲ್ಲಿ ರೆಡಿಟಕ್ಸ್ ತಂದ ಮೇಲೆ ನಮ್ಮಲ್ಲಿ ಈ ಔಷಧ ಕೈಗೆಟುಕುವಷ್ಟು ಹತ್ತಿರ ಬಂದಿದೆ, ಆದರೂ ಒಮ್ಮೆಲೇ ದೊಡ್ಡ ಮೊತ್ತ ಬೇಕು. ಕ್ರಿಯಾಟಿನಿನ್ ಏರುತ್ತಿರುವವರಿಗೆ ಪೊಂಟಿಚೆಲ್ಲಿ, ಸ್ಥಿರವಾಗಿದ್ದು ಹಣ ಹೊಂದುವವರಿಗೆ ರಿಟುಕ್ಸಿಮ್ಯಾಬ್ ಎಂಬುದು ನಮ್ಮ ತೂಕ. ಟ್ಯಾಕ್ರೊಲಿಮಸ್‌ಗೆ ಇಲ್ಲಿ ಮೂರನೇ ಸ್ಥಾನ.

ರಿಟುಕ್ಸಿಮ್ಯಾಬ್‌ಗೆ ಮುಂಚೆ ಹೆಪಟೈಟಿಸ್ ಬಿಯ ಎರಡು ಪರೀಕ್ಷೆ ಕಡ್ಡಾಯ: ಎಚ್‌ಬಿಎಸ್‌ಎಜಿ ಮತ್ತು ಆಂಟಿ-ಎಚ್‌ಬಿಸಿ. ಮೊದಲನೆಯದು ನೆಗೆಟಿವ್ ಎಂದು ಎರಡನೆಯದನ್ನು ಬಿಟ್ಟರೆ, ಹಳೆಯ ವೈರಸ್ ಎಚ್ಚೆತ್ತು ಲಿವರ್ ಹಾಳಾಗಬಹುದು. ಲಸಿಕೆಗಳು ಡ್ರಿಪ್‌ಗೆ ಕೆಲವು ವಾರ ಮೊದಲೇ ಆಗಬೇಕು, ಆಮೇಲೆ 6 ತಿಂಗಳು ಲಸಿಕೆ ಹಾಕಿಸಿದರೂ ಸರಿಯಾಗಿ ಹತ್ತುವುದಿಲ್ಲ.

ಟ್ಯಾಕ್ರೊಲಿಮಸ್ ಆರಿಸಿದವರು ರಕ್ತದ ಮಟ್ಟ ಕೊಡುವ ದಿನ ಬೆಳಗಿನ ಮಾತ್ರೆ ನುಂಗದೆ ಲ್ಯಾಬ್‌ಗೆ ಹೋಗಬೇಕು. ರಾತ್ರಿ 8ಕ್ಕೆ ನುಂಗಿದ್ದರೆ ಬೆಳಗ್ಗೆ 8ಕ್ಕೆ ರಕ್ತ ಕೊಟ್ಟು, ಆಮೇಲೆ ಮಾತ್ರೆ. ಮಾತ್ರೆ ನುಂಗಿ ಹೋದರೆ ಮಟ್ಟ ಸುಳ್ಳಾಗಿ ಏರಿ ಕಾಣುತ್ತದೆ, ವೈದ್ಯರು ಡೋಸ್ ಇಳಿಸುತ್ತಾರೆ, ಕಾಯಿಲೆ ಮರಳುತ್ತದೆ. ಚಕ್ಕೋತ ತಿನ್ನಬಾರದು. ದೇವನಹಳ್ಳಿ ಚಕ್ಕೋತವೂ ಅದೇ ಜಾತಿ, ಅದು ಕರುಳಿನಲ್ಲಿ ಔಷಧ ಒಡೆಯುವ ಕಿಣ್ವವನ್ನು ತಡೆದು ರಕ್ತದಲ್ಲಿ ಮಟ್ಟ ಏರಿಸುತ್ತದೆ. ಫ್ಲುಕೊನಜೋಲ್, ಕ್ಲಾರಿಥ್ರೊಮೈಸಿನ್, ಡಿಲ್ಟಿಯಾಜೆಮ್ ಕೂಡ ಏರಿಸುತ್ತವೆ, ಟಿಬಿಯ ರಿಫಾಂಪಿಸಿನ್ ಮಟ್ಟವನ್ನು ನೆಲಕ್ಕಿಳಿಸುತ್ತದೆ. ಕೈ ನಡುಕ, ಹೊಸದಾಗಿ ಬಂದ ಸಕ್ಕರೆ, ಏರುವ ಕ್ರಿಯಾಟಿನಿನ್ ಔಷಧ ಹೆಚ್ಚಾದದ್ದರ ಗುರುತು.

ಮಕ್ಕಳ ನೆಫ್ರೋಟಿಕ್ ಕಾಯಿಲೆ

ಹತ್ತರಲ್ಲಿ ಎಂಟು ಮಕ್ಕಳಿಗಿಂತ ಹೆಚ್ಚು ಜನ ಸ್ಟೀರಾಯ್ಡ್ ಒಂದಕ್ಕೇ ಬಗ್ಗುತ್ತಾರೆ. ಮೊದಲ ಸಲ 6 ವಾರ ದಿನಾ ಕೆಜಿಗೆ 2 ಮಿಗ್ರಾಂ, ಗರಿಷ್ಠ 60. ಆಮೇಲೆ 6 ವಾರ ದಿನ ಬಿಟ್ಟು ದಿನ 1.5 ಮಿಗ್ರಾಂ. ಕಷ್ಟ ಇರುವುದು ಮರುಕಳಿಸುವುದರಲ್ಲಿ, ಹಾಗಾಗಿ ಮನೆಯಲ್ಲಿ ಮೂತ್ರ ನೋಡುವುದನ್ನು ತಂದೆ-ತಾಯಿ ಕಲಿಯಲೇಬೇಕು. ಬೆಳಗಿನ ಮೊದಲ ಮೂತ್ರ ಹಿಡಿದು, ಪಟ್ಟಿ ಅದ್ದಿ, ಅಂಚಿಗೆ ತಟ್ಟಿ ಹನಿ ಉದುರಿಸಿ, ಅಡ್ಡಲಾಗಿ ಹಿಡಿದು, ಡಬ್ಬಿಯ ಮೇಲೆ ಬರೆದಷ್ಟು ಸೆಕೆಂಡ್‌ಗೆ ಸರಿಯಾಗಿ ಬಣ್ಣ ಹೋಲಿಸಬೇಕು. ಮಲೆನಾಡಿನ ಮಳೆಗಾಲದಲ್ಲಿ ಡಬ್ಬಿಯ ಮುಚ್ಚಳ ಸಡಿಲಿದ್ದರೆ ಪಟ್ಟಿಗೆ ಪಸೆ ಹಿಡಿದು ಬಣ್ಣ ಸುಳ್ಳು ಹೇಳುತ್ತದೆ. ಪಟ್ಟಿ ಇಲ್ಲದಿದ್ದರೆ ಟೆಸ್ಟ್ ಟ್ಯೂಬಿನ ಮೂರನೇ ಎರಡು ಭಾಗ ಮೂತ್ರ ತುಂಬಿ, ಓರೆಯಾಗಿ ಹಿಡಿದು ಮೇಲ್ಭಾಗವನ್ನಷ್ಟೇ ಕಾಯಿಸಿ. ಮಬ್ಬಾದರೆ 3–5 ಹನಿ ವಿನೆಗರ್ ಹಾಕಿ. ಮಬ್ಬು ಕರಗಿದರೆ ಅದು ಫಾಸ್ಫೇಟ್, ಉಳಿದರೆ ಪ್ರೋಟೀನ್.

ಸತತ 3 ದಿನ 3+ ಬಂದರೆ ಕಾಯಿಲೆ ಮರುಕಳಿಸಿದೆ ಎಂದರ್ಥ. ಶೀತ-ಜ್ವರದ ನಡುವೆ ಒಂದೆರಡು ದಿನ 2+ ಬಂದು ಇಳಿಯುವುದು ಮಾಮೂಲು, ಅದಕ್ಕೆಲ್ಲ ಸ್ಟೀರಾಯ್ಡ್ ಏರಿಸಬಾರದು. ವರ್ಷಕ್ಕೆ ಹಲವು ಸಲ ಮರುಕಳಿಸಿ ಮಗುವಿನ ಎತ್ತರ ನಿಂತಿದ್ದರೆ ಲೆವಮಿಸೋಲ್, ಮೈಕೋಫೆನೊಲೇಟ್, 8–12 ವಾರದ ಸೈಕ್ಲೋಫಾಸ್ಫಮೈಡ್, ಟ್ಯಾಕ್ರೊಲಿಮಸ್, ರಿಟುಕ್ಸಿಮ್ಯಾಬ್ ಎಂಬ ಸಾಲಿನಲ್ಲಿ ಮಕ್ಕಳ ಕಿಡ್ನಿ ತಜ್ಞರು ಆಯ್ದುಕೊಳ್ಳುತ್ತಾರೆ. ಪದೇ ಪದೇ ಮರುಕಳಿಸುವ ಮಗುವಿಗೆ ಸೌಮ್ಯವಾದದ್ದರಿಂದ ಶುರು ಮಾಡುವುದೇ ಲೇಸು. ಸ್ಟೀರಾಯ್ಡ್‌ಗೆ ಮೊದಲಿಂದಲೂ ಬಗ್ಗದ ಮಗುವಿನ ಕಥೆ ಬೇರೆ, ಅಲ್ಲಿ ಬಯಾಪ್ಸಿ ಮತ್ತು ಜೀನ್ ಪರೀಕ್ಷೆಯ ನಂತರ ಟ್ಯಾಕ್ರೊಲಿಮಸ್ ಮೊದಲು ಬರುತ್ತದೆ.

ಐಜಿಎ ಮತ್ತು ಆಂಕಾ: ಒಂದರಲ್ಲಿ ತಾಳ್ಮೆ, ಇನ್ನೊಂದರಲ್ಲಿ ಗಂಟೆಗಳ ಲೆಕ್ಕ

ಐಜಿಎ ಎಂಬ ಆಂಟಿಬಾಡಿ ಕಿಡ್ನಿಯಲ್ಲಿ ಕೂತು ಆಗುವ ಐಜಿಎ ನೆಫ್ರೋಪತಿಯಲ್ಲಿ ತಳಪಾಯದ ಚಿಕಿತ್ಸೆಯೇ ಮುಖ್ಯ, ಜೊತೆಗೆ ಸಕ್ಕರೆ ಕಾಯಿಲೆಗೆಂದು ಬಂದು ಕಿಡ್ನಿಯನ್ನೂ ಕಾಯುವ ಡಪಾಗ್ಲಿಫ್ಲೋಜಿನ್ 10 ಮಿಗ್ರಾಂ ಸೇರಿಸುವುದು ಈಚಿನ ರೂಢಿ. ಸ್ಟೀರಾಯ್ಡ್‌ನ ಪ್ರಶ್ನೆ ಬರುವುದು ಇಷ್ಟಾದರೂ ಸೋರಿಕೆ ನಿಲ್ಲದವರಿಗೆ. ಭಾರತದ ರೋಗಿಗಳೂ ಇದ್ದ ಟೆಸ್ಟಿಂಗ್ ಎಂಬ ಅಧ್ಯಯನದಲ್ಲಿ ದೊಡ್ಡ ಡೋಸ್‌ನಿಂದ ತೀವ್ರ ಸೋಂಕುಗಳಾಗಿ ಅದನ್ನು ನಿಲ್ಲಿಸಬೇಕಾಯಿತು. ಡೋಸ್ ತಗ್ಗಿಸಿ, ನ್ಯುಮೋನಿಯಾ ತಡೆಯುವ ಕೋಟ್ರೈಮಾಕ್ಸಜೋಲ್ ಸೇರಿಸಿ ಮುಂದುವರಿಸಿದಾಗ ಕಿಡ್ನಿಗೆ ಲಾಭ ಉಳಿಯಿತು, ಅಪಾಯ ಇಳಿಯಿತು. ಆದ್ದರಿಂದ ಸ್ಟೀರಾಯ್ಡ್ ಹೇಳಿದರೆ ತಗ್ಗಿಸಿದ ಡೋಸ್ ಆಗುತ್ತದೆಯೇ ಎಂದು ಕೇಳುವುದು ನಿಮ್ಮ ಹಕ್ಕು.

ಆಂಕಾ ಎಂಬ ಆಂಟಿಬಾಡಿಯಿಂದ ಸಣ್ಣ ರಕ್ತನಾಳಗಳಲ್ಲಿ ಉರಿಯೂತವಾಗುವ ಆಂಕಾ ಕಾಯಿಲೆಯಲ್ಲಿ ಕ್ರಿಯಾಟಿನಿನ್ ದಿನದಿನಕ್ಕೆ ಏರುತ್ತದೆ, ಕೆಮ್ಮಿನಲ್ಲಿ ರಕ್ತ ಬರಬಹುದು. ಸ್ಟೀರಾಯ್ಡ್ ಡ್ರಿಪ್ ಅದೇ ದಿನ ಶುರುವಾಗಬೇಕು, ಬಯಾಪ್ಸಿ ವರದಿಗೂ ಕಾಯುವಂತಿಲ್ಲ. ಸೈಕ್ಲೋಫಾಸ್ಫಮೈಡೋ ರಿಟುಕ್ಸಿಮ್ಯಾಬೋ ಎಂಬ ಚರ್ಚೆಯನ್ನು ಎರಡು ದಿನದ ನಂತರ ಮಾಡಬಹುದು. ಎರಡನೇ ಅಭಿಪ್ರಾಯಕ್ಕೆಂದು ವಾರ ಕಳೆದರೆ ಡಯಾಲಿಸಿಸ್ ಕಾಯಂ ಆಗಬಹುದು.

ಔಷಧ ಯಾವುದೇ ಆಗಲಿ, ಮೊದಲ ಡೋಸ್‌ಗೆ ಮುಂಚೆ

ಎದೆ ಎಕ್ಸ್‌ರೇ, ಟಿಬಿಯ ಹಳೆಯ ಚರಿತ್ರೆ, ಮನೆಯಲ್ಲಿ ಯಾರಿಗಾದರೂ ಟಿಬಿ ಇದೆಯೇ ಎಂಬುದು, ಹೆಪಟೈಟಿಸ್ ಬಿ ಮತ್ತು ಸಿ, ಎಚ್‌ಐವಿ, ಹೆಣ್ಣಾದರೆ ಗರ್ಭ ಪರೀಕ್ಷೆ, ಶುಗರ್, ಕಣ್ಣು. ಗದ್ದೆಯಲ್ಲಿ ಬರಿಗಾಲಲ್ಲಿ ನಡೆಯುವವರಿಗೆ ಸ್ಟ್ರಾಂಜಿಲಾಯ್ಡಿಸ್ ಎಂಬ ಹುಳು ಕರುಳಲ್ಲಿ ಸದ್ದಿಲ್ಲದೆ ಇರಬಹುದು. ಸ್ಟೀರಾಯ್ಡ್ ಬಿದ್ದೊಡನೆ ಅದು ಮೈಯೆಲ್ಲ ಹರಡಿ ಪ್ರಾಣ ತೆಗೆಯಬಲ್ಲದು, ಆದ್ದರಿಂದ ಐವರ್ಮೆಕ್ಟಿನ್‌ನಂಥ ಹುಳುವಿನ ಔಷಧದ ಬಗ್ಗೆ ಮೊದಲೇ ಕೇಳಿ. ನ್ಯುಮೊಕಾಕಲ್, ಫ್ಲೂ, ಹೆಪಟೈಟಿಸ್ ಬಿ ಲಸಿಕೆ ಹಾಕಿಸಬಹುದು. ಜೀವಂತ ಲಸಿಕೆಗಳು ಈ ಔಷಧಗಳ ಮೇಲಿರುವಾಗ ಸಲ್ಲವು. ಮನೆಯಲ್ಲಿ ಯಾರಿಗಾದರೂ ಸೀತಾಳೆ ಸಿಡುಬು (ಚಿಕನ್‌ಪಾಕ್ಸ್) ಕಾಣಿಸಿದರೆ, ರೋಗಿಗೆ ಅದು ಹಿಂದೆ ಬಂದಿಲ್ಲವಾದರೆ, ಗುಳ್ಳೆ ಏಳುವವರೆಗೆ ಕಾಯದೆ ಅದೇ ದಿನ ವೈದ್ಯರಿಗೆ ತಿಳಿಸಿ.

ಫೈಲಿನ ಮೊದಲ ಪುಟದಲ್ಲಿ ಒಂದೇ ಕೋಷ್ಟಕ ಇರಲಿ: ತಾರೀಕು, ಬೆಳಗಿನ ತೂಕ, ಬಿಪಿ, ಕ್ರಿಯಾಟಿನಿನ್, ಮೂತ್ರದ ಪ್ರೋಟೀನ್-ಕ್ರಿಯಾಟಿನಿನ್ ಅನುಪಾತ, ಆಲ್ಬುಮಿನ್, ಬಿಳಿ ರಕ್ತಕಣ, ಅಂದಿನ ಸ್ಟೀರಾಯ್ಡ್ ಡೋಸ್. ಸಾಧ್ಯವಾದಷ್ಟೂ ಒಂದೇ ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸಿ. ಔಷಧ ಬದಲಿಸಬೇಕೇ ಎಂಬ ಪ್ರಶ್ನೆ ಬಂದ ದಿನ ವೈದ್ಯರು ಮೊದಲು ಕೇಳುವುದು ಈ ಸಾಲುಗಳನ್ನೇ.